ಒಂದೇ ಕಾಂಪೌಂಡಿನ ಎರಡು ಮನೆಗಳು

ವಿಶ್ವವಿದ್ಯಾಲಯವೊಂದು ಆಸ್ಪತ್ರೆಯೊಂದರ ಜೊತೆ ವೈದ್ಯಕೀಯ ಸಂಶೋಧನೆಗಾಗಿ ಒಡಂಬಡಿಕೆ ಮಾಡಿಕೊಂಡಿತು ಎಂಬ ಸುದ್ದಿ ಈಗ ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಬರುತ್ತದೆ. ಹಿಂದೊಂದು ಬ್ಯಾನರು, ಮುಂದೆ ಕುಲಪತಿಗಳು ಮತ್ತು ಆಸ್ಪತ್ರೆಯ ನಿರ್ದೇಶಕರು, ನಡುವೆ ಸಹಿಯಾದ ಕಡತ. ಫೋಟೋ ತೆಗೆಸಿಕೊಂಡ ಮೇಲೆ ಏನಾಯಿತು ಎನ್ನುವುದು ಮಾತ್ರ ಸುದ್ದಿಯಾಗುವುದಿಲ್ಲ. ಇಂಥ ಕೂಡಿಕೆ ಯಾವಾಗ ಫಲ ಕೊಡುತ್ತದೆ, ಯಾವಾಗ ಕಡತದಲ್ಲೇ ಉಳಿಯುತ್ತದೆ ಎಂದು ತಿಳಿಯಲು ನಾವು ವಿಶ್ವವಿದ್ಯಾಲಯವೂ ಆಸ್ಪತ್ರೆಯೂ ಜೊತೆಯಾಗಿರುವ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ತನಕ ಹೋಗಬೇಕಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 20 ವರ್ಷ ಕಾಲ ಒಂದು ಆಸ್ಪತ್ರೆ ಮತ್ತು ಒಂದು ವಿದ್ಯಾಸಂಸ್ಥೆ ಒಂದೇ ಕಾಂಪೌಂಡಿನಲ್ಲಿ ಎರಡು ಮನೆಗಳಾಗಿ ಇದ್ದವು. 1974ರ ಡಿಸೆಂಬರ್ 27ರಂದು ಅವು ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಆದವು. ಈ ಸಂಸ್ಥೆಯ ಇತಿಹಾಸ ನೋಡಿದರೆ ನನಗೆ ತೋರುವುದು ಇಷ್ಟು: ಬೋಧನೆಗೆ ಒಡಂಬಡಿಕೆ ಸಾಕಾಗಬಹುದು, ಸಂಶೋಧನೆಗೆ ಸಾಲದು. ರೋಗಿಯನ್ನು ನೋಡುವವರು, ಅವನ ಕೇಸ್ ಶೀಟು ಕಾಪಾಡುವವರು, ಪ್ರಯೋಗಾಲಯದಲ್ಲಿ ಕೂರುವವರು ಒಂದೇ ಆಡಳಿತಕ್ಕೆ ಉತ್ತರ ಹೇಳುವಂತಿದ್ದು, ಆ ವ್ಯವಸ್ಥೆ ದಶಕಗಳ ಕಾಲ ನಿಂತರೆ ಮಾತ್ರ ಹೊಸ ತಿಳಿವಳಿಕೆ ಹುಟ್ಟುತ್ತದೆ.

ಕಥೆ ಶುರುವಾಗುವುದು ಸಂಶೋಧನೆಯಿಂದಲ್ಲ, ಬೀಗದಿಂದ. 1847ರಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರು ಬೆಂಗಳೂರಿನ ಪೇಟೆಯಲ್ಲಿ ಮನೋರೋಗಿಗಳಿಗಾಗಿ ಆಶ್ರಯಧಾಮವೊಂದನ್ನು ತೆರೆದರು. ಆ ಕಾಲದ ಇಂಥ ಎಲ್ಲ ಜಾಗಗಳ ಹಾಗೆ ಅದೂ ಬೀದಿಯಲ್ಲಿ ಅಲೆಯುವವರನ್ನು ಹಿಡಿದಿಡುವ ಸ್ಥಳ. ಊರವರ ಬಾಯಲ್ಲಿ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಸೂಪರಿಂಟೆಂಡೆಂಟ್ ಆಗಿದ್ದ ಫ್ರಾಂಕ್ ನೊರೊನ್ಹಾ ಅವರ ಕಾಲದ ಯೋಜನೆಯಂತೆ 1930ರ ದಶಕದಲ್ಲಿ ಆಸ್ಪತ್ರೆ ಪೇಟೆಯ ಇಕ್ಕಟ್ಟಿನಿಂದ ಈಗಿನ ವಿಶಾಲವಾದ ಜಾಗಕ್ಕೆ ಬಂತು. ಹೆಸರು ಬದಲಾಯಿಸುವುದು ಸರ್ಕಾರಗಳಿಗೆ ಯಾವತ್ತೂ ಸುಲಭ. ಹೊಸ ಜಾಗ, ಹೊಸ ಕಟ್ಟಡ ಕೊಟ್ಟದ್ದು ಮೈಸೂರಿನ ಹೆಚ್ಚುಗಾರಿಕೆ. ಆದರೆ ವಿದ್ಯೆ ಒಂದು ಊರಿನಲ್ಲಿತ್ತು, ರೋಗಿ ಇನ್ನೊಂದು ಊರಿನಲ್ಲಿದ್ದ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು. ಹೀಗಾಗಿ ಮನಸ್ಸನ್ನು ಓದುವವರೂ ದೇಹವನ್ನು ಓದುವವರೂ ಮೈಸೂರಿನಲ್ಲಿ, ಮನಸ್ಸು ಕೆಟ್ಟವರು ಬೆಂಗಳೂರಿನಲ್ಲಿ. ನಡುವಿನ ಸುಮಾರು 140 ಕಿಲೋಮೀಟರ್ ದೂರವನ್ನು ತುಂಬಿದವರು ನೊರೊನ್ಹಾ ಅವರ ನಂತರ ಬಂದ ಎಂ.ವಿ. ಗೋವಿಂದಸ್ವಾಮಿ. ಮನಶ್ಶಾಸ್ತ್ರ ಮತ್ತು ವೈದ್ಯಶಾಸ್ತ್ರ ಎರಡನ್ನೂ ಓದಿ, ವಿದೇಶದಲ್ಲಿ ತರಬೇತಿ ಪಡೆದು ಬಂದಿದ್ದ ಅವರಿಗೆ ಆಸ್ಪತ್ರೆಯೇ ಪಾಠಶಾಲೆಯೂ ಆಗಬೇಕೆಂಬ ಹಂಬಲವಿತ್ತು.

ಆ ಹಂಬಲಕ್ಕೆ ದೇಶದ ಮಟ್ಟದ ಕಾರಣವೊಂದು ಸಿಕ್ಕಿತು. ದೇಶದ ಆರೋಗ್ಯ ವ್ಯವಸ್ಥೆಯ ಸಮೀಕ್ಷೆಗೆಂದು 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯು ಭಾರತದ ಮಾನಸಿಕ ಆಸ್ಪತ್ರೆಗಳ ಸ್ಥಿತಿಯನ್ನು ನೋಡಿ ಬರಲು ರಾಂಚಿಯ ಮಾನಸಿಕ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಮೂರ್ ಟೇಲರ್ ಅವರಿಗೆ ಹೇಳಿತು. ಹೆಚ್ಚಿನವು ಗುಣಪಡಿಸಲು ಕಟ್ಟಿದವಲ್ಲ, ಕೂಡಿಹಾಕಲು ಕಟ್ಟಿದವು ಎಂದು ಅವರು ನೇರವಾಗಿಯೇ ಬರೆದರು. ಇಡೀ ದೇಶಕ್ಕೆ ಇದ್ದದ್ದು ಸುಮಾರು 10,000 ಹಾಸಿಗೆ. ತರಬೇತಿಯಾದ ಮನೋವೈದ್ಯರಂತೂ ಬೆರಳೆಣಿಕೆಯಷ್ಟು. ಹಾಸಿಗೆ ಹೆಚ್ಚಿಸುವುದಕ್ಕಿಂತ ಮೊದಲು ಕಲಿಸುವ ಜಾಗ ಬೇಕು ಎಂಬ ತರ್ಕದಿಂದ, 1954ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆಯಿತು. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಡಿಪ್ಲೊಮಾ ತರಗತಿಗಳು ಶುರುವಾದವು. ಅವಕ್ಕೆ ಮೈಸೂರು ವಿಶ್ವವಿದ್ಯಾಲಯದ ಮಾನ್ಯತೆ. 1956ರಲ್ಲಿ ದೆಹಲಿಯಲ್ಲಿ ಹುಟ್ಟಿದ ಏಮ್ಸ್‌ಗೆ ಆಸ್ಪತ್ರೆ, ಕಾಲೇಜು, ಸಂಶೋಧನೆ ಮೂರನ್ನೂ ಖಾಲಿ ಜಾಗದಲ್ಲಿ ಒಟ್ಟಿಗೇ ಕಟ್ಟಿಕೊಳ್ಳುವ ಅನುಕೂಲವಿತ್ತು. ಬೆಂಗಳೂರಿಗೆ ಅದಿರಲಿಲ್ಲ. ನೂರು ವರ್ಷ ದಾಟಿದ ಆಸ್ಪತ್ರೆಯ ಪಕ್ಕಕ್ಕೆ ಹೊಸ ಸಂಸ್ಥೆ ಬಂದು ನಿಂತಿತ್ತು.

ಮುಂದಿನ 20 ವರ್ಷ ನಡೆದದ್ದು ಜೋಡಿ ಸಂಸಾರ. ಆಸ್ಪತ್ರೆ ಮೈಸೂರು ರಾಜ್ಯದ್ದು, ಸಂಸ್ಥೆ ಕೇಂದ್ರದ್ದು. ರೋಗಿಯ ಊಟ, ಹಾಸಿಗೆ, ಔಷಧಿಯ ಹಣ ವಿಧಾನಸೌಧದಿಂದ, ಪ್ರಾಧ್ಯಾಪಕರ ಸಂಬಳ ದೆಹಲಿಯಿಂದ, ವಿದ್ಯಾರ್ಥಿಯ ಪ್ರಮಾಣಪತ್ರ ಮೈಸೂರಿನಿಂದ. ಇದರಲ್ಲಿ ಕೆಟ್ಟ ಉದ್ದೇಶ ಯಾರದೂ ಇರಲಿಲ್ಲ, ಆದರೆ ಮೂರು ಕಡೆ ಲೆಕ್ಕ ಒಪ್ಪಿಸಬೇಕಾದ ಮನೆ ಹತ್ತು ವರ್ಷ ಮುಂದಿನದನ್ನು ಯೋಚಿಸುವುದು ಕಷ್ಟ. ಆದರೂ ಈ ಅವಧಿ ಬರಡಲ್ಲ. 1958ರಲ್ಲಿ ಆರ್.ಎಂ. ವರ್ಮಾ ನರಶಸ್ತ್ರಚಿಕಿತ್ಸಾ ವಿಭಾಗ ಶುರುಮಾಡಿದರು. ಮಿದುಳನ್ನು ನೋಡುವವರೂ ಮನಸ್ಸನ್ನು ನೋಡುವವರೂ ಒಂದೇ ಅಂಗಳದಲ್ಲಿ ಇರತೊಡಗಿದರು. ಆಗ ಅದು ವಿರಳ. ದೊಡ್ಡ ಆಸ್ಪತ್ರೆಗಳಲ್ಲಿ ಫಿಟ್ಸ್ ಬಂದವನು ಒಂದು ಕಡೆ, ಬುದ್ಧಿ ಕೆಟ್ಟವನು ಊರಾಚೆ ಇನ್ನೊಂದು ಕಡೆ. ವರ್ಮಾ ಅವರು ನಿರ್ದೇಶಕರಾಗಿದ್ದಾಗಲೇ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಎರಡು ಮನೆಗಳ ನಡುವಿನ ಗೋಡೆ ಬಿತ್ತು. ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ಸ್ವಾಯತ್ತ ಸಂಸ್ಥೆಯೊಂದು ಬಂತು. ಎರಡೂ ಸರ್ಕಾರಗಳು ಹಣ ಕೊಡುವುದು, ಆದರೆ ಆಡಳಿತ ಒಂದೇ. ರಾಜ್ಯ ಸರ್ಕಾರವೊಂದು ತನ್ನ ಸ್ವಂತ ಆಸ್ಪತ್ರೆಯನ್ನು, ನಗರದ ನಡುವಿನ ಅಷ್ಟು ದೊಡ್ಡ ಜಾಗದ ಸಮೇತ, ಜಂಟಿ ಸಂಸ್ಥೆಗೆ ಒಪ್ಪಿಸಿದ್ದು ನಮ್ಮ ದೇಶದಲ್ಲಿ ಸಾಮಾನ್ಯ ಸಂಗತಿಯಲ್ಲ. ಕರ್ನಾಟಕ ಆಗ ಬಿಟ್ಟುಕೊಟ್ಟದ್ದರ ಬೆಲೆಯನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ.

ಇದರಿಂದ ಬಂದದ್ದೇನು ಎಂದು ಕೇಳುವವರಿಗೆ ಒಂದು ಕಾಯಿಲೆಯ ಚರಿತ್ರೆಯನ್ನೇ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದಕ್ಷಿಣ ಕರ್ನಾಟಕದ ಮನೆಗಳಲ್ಲಿ ತಲೆಗೆ ಎರೆದುಕೊಳ್ಳುವುದೆಂದರೆ ಹಂಡೆಯಲ್ಲಿ ಚೆನ್ನಾಗಿ ಕಾದ ನೀರನ್ನು ಚೊಂಬು ಚೊಂಬಾಗಿ ನೆತ್ತಿಯ ಮೇಲೆ ಬಿಡದೆ ಹೊಯ್ದುಕೊಳ್ಳುವುದು. ಹಾಗೆ ಎರೆದುಕೊಳ್ಳುತ್ತಿರುವಾಗ ಕೆಲವರಿಗೆ ಪ್ರಜ್ಞೆ ಮಸುಕಾಗುತ್ತದೆ, ಮಾತು ತೊದಲುತ್ತದೆ, ಕೆಲವರು ಅಲ್ಲೇ ಬಿದ್ದು ಕೈಕಾಲು ಸೆಳೆದುಕೊಳ್ಳುತ್ತಾರೆ. ಮನೆಯವರು ಅದನ್ನು ಬಿಸಿ ನೆತ್ತಿಗೇರಿತು ಎಂದೋ, ದೃಷ್ಟಿ ಎಂದೋ, ಬಚ್ಚಲಿನ ಯಾವುದೋ ಸೋಂಕು ಎಂದೋ ತಿಳಿಯುತ್ತಿದ್ದರು. ವೈದ್ಯ ಸಾಹಿತ್ಯದಲ್ಲಿ ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು, ಒಬ್ಬ ಬಾಲಕನ ಬಗ್ಗೆ. ಆ ಮೇಲೆ ಬೇರೆ ದೇಶಗಳಿಂದ ಅಲ್ಲೊಂದು ಇಲ್ಲೊಂದು. ಅಪರೂಪದ ವಿಚಿತ್ರ ಎಂದು ಪಠ್ಯಪುಸ್ತಕಗಳು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದವು. ಬೆಂಗಳೂರಿನ ನರತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಿಂದ ಪ್ರಕಟಿಸಿದ ವರದಿಗಳಲ್ಲಿ ರೋಗಿಗಳು ಒಬ್ಬಿಬ್ಬರಲ್ಲ, ಹತ್ತಾರು. ಅಪರೂಪವಾಗಿದ್ದದ್ದು ರೋಗವಲ್ಲ, ಅದನ್ನು ಕೇಳಿ ಬರೆದುಕೊಂಡ ವೈದ್ಯ. 1988ರಲ್ಲಿ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ನಿಮ್ಹಾನ್ಸ್‌ನಿಂದ 279 ರೋಗಿಗಳ ವಿವರವನ್ನು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ನಾನದ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖವೇ ಆಗಿ ಇನ್ನೂ ಇನ್ನೂ ಎರೆದುಕೊಳ್ಳಬೇಕೆನಿಸುತ್ತದೆ. ಕೆಲವರಿಗೆ ವರ್ಷಗಳ ಮೇಲೆ ಸ್ನಾನವಿಲ್ಲದೆಯೂ ಫಿಟ್ಸ್ ಬರತೊಡಗುತ್ತದೆ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ, ನನ್ನ ವಾದಕ್ಕೆ ಮುಖ್ಯವಾದದ್ದು ಅದೇ. ನೆತ್ತಿಯ ಮೇಲೆ ಬಿಸಿನೀರು ಬಿದ್ದಾಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಮನುಷ್ಯನಲ್ಲಿ ನೇರವಾಗಿ ನೋಡಲಾಗದು. ಹಾಗಾಗಿ ಇಲಿಗಳಿಗೆ ಬಿಸಿನೀರು ಹೊಯ್ದು ಅದೇ ಬಗೆಯ ಸೆಳೆತ ಬರುವುದನ್ನು ತೋರಿಸಿದ ಪ್ರಯೋಗ 1996ರಲ್ಲಿ ಪ್ರಕಟವಾಯಿತು. ಅದರಲ್ಲಿ ನರತಜ್ಞ ಸತೀಶ್ಚಂದ್ರ ಅವರ ಜೊತೆಗೆ ನರರೋಗ ವಿಕೃತಿಶಾಸ್ತ್ರದ ಎಸ್.ಕೆ. ಶಂಕರ್ ಇದ್ದರು. ಒಂದೇ ಮನೆತನದ ಹಲವರಿಗೆ ಬರುವುದನ್ನು ಕೇಸ್ ಶೀಟುಗಳು ಮೊದಲಿನಿಂದಲೂ ಹೇಳುತ್ತಿದ್ದವು. ಆ ಕುಟುಂಬಗಳ ರಕ್ತದ ಮಾದರಿಗಳನ್ನು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಳಿವಿಜ್ಞಾನಿಗಳು ಪರೀಕ್ಷಿಸಿ, 10ನೇ ಕ್ರೋಮೋಸೋಮಿನ ಒಂದು ಭಾಗಕ್ಕೆ ಇದರ ನಂಟಿದೆ ಎಂದು 2009ರಲ್ಲಿ ವರದಿ ಮಾಡಿದರು. ಚಿಕಿತ್ಸೆಯೂ ಸರಳವಾಯಿತು. ನೀರಿನ ಬಿಸಿ ಇಳಿಸಿಕೊಳ್ಳಿ ಎನ್ನುವುದು ಮೊದಲ ಮಾತು. ಅದೊಂದರಿಂದ ನಿಲ್ಲದವರಿಗೆ ದಿನವೂ ಮಾತ್ರೆ ನುಂಗಿಸುವ ಬದಲು ತಲೆಸ್ನಾನಕ್ಕೆ ಸ್ವಲ್ಪ ಮೊದಲು ಕ್ಲೋಬಜಾಮ್ ಕೊಟ್ಟರೆ ಸಾಕಾಗಬಹುದು ಎಂದು ಕಂಡುಕೊಳ್ಳಲಾಯಿತು. ಹಳ್ಳಿಯ ಬಚ್ಚಲಿನಿಂದ ಕ್ರೋಮೋಸೋಮಿನ ತನಕ ಸುಮಾರು 40 ವರ್ಷದ ದಾರಿ. ನಡುವೆ ವೈದ್ಯರು ಬದಲಾದರು, ನಿರ್ದೇಶಕರು ಬದಲಾದರು, ಕೇಳುವ ಪ್ರಶ್ನೆಯೂ ಬದಲಾಯಿತು. ರೋಗಿಯ ಕಡತ ಮಾತ್ರ ಅದೇ ಮನೆಯಲ್ಲಿತ್ತು.

ಇದಕ್ಕೆ ಒಂದು ಆಕ್ಷೇಪ ತಕ್ಷಣ ಏಳುತ್ತದೆ, ಅದು ನ್ಯಾಯವಾದದ್ದೇ. ಮಣಿಯವರ ಮೊದಲ ವರದಿಗಳು ಬಂದದ್ದು ವಿಲೀನಕ್ಕೆ ಮುಂಚೆ. ಎರಡು ಮನೆಗಳಿದ್ದಾಗಲೇ ಕಂಡುಹಿಡಿಯಲು ಆಯಿತಲ್ಲ, ಒಂದಾಗಬೇಕಾದ ಅಗತ್ಯ ಏನಿತ್ತು? ಕಣ್ಣು ಚುರುಕಾಗಿರುವ ವೈದ್ಯನಿಗೆ ಯಾವ ವ್ಯವಸ್ಥೆಯೂ ಅಡ್ಡಿಯಲ್ಲ, ಕಣ್ಣಿಲ್ಲದವನಿಗೆ ಯಾವ ವ್ಯವಸ್ಥೆಯೂ ನೆರವಲ್ಲ ಎಂದು ಹೇಳಬಹುದು. ಅರ್ಧ ನಿಜ. ಗಮನಿಸುವುದು ಒಬ್ಬನ ಕೆಲಸ, ಅದನ್ನು ಸ್ಥಾಪಿಸುವುದು ಒಬ್ಬನಿಂದ ಆಗುವುದಲ್ಲ. ನಿಮ್ಹಾನ್ಸ್‌ನ ನರತಜ್ಞೆ ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಮಾನೊಮೆಲಿಕ್ ಅಮಯೋಟ್ರೊಫಿಯ ವಿವರವನ್ನು ನೋಡಿ. ಹರೆಯದ ಹುಡುಗನ ಒಂದು ಕೈಯೋ ಒಂದು ಕಾಲೋ ಸಣ್ಣಗೆ ಸೊರಗತೊಡಗುತ್ತದೆ. ಮೊದಲ ದಿನ ನೋಡಿದರೆ ಅದು ಪ್ರಾಣ ತೆಗೆಯುವ ಮೋಟಾರ್ ನ್ಯೂರಾನ್ ಕಾಯಿಲೆಯ ಹಾಗೇ ಕಾಣುತ್ತದೆ. ಆದರೆ ಕೆಲವು ವರ್ಷ ಹೆಚ್ಚಿ, ಆಮೇಲೆ ಅಲ್ಲೇ ನಿಂತುಬಿಡುತ್ತದೆ. ಹುಡುಗ ಬದುಕುತ್ತಾನೆ, ದುಡಿಯುತ್ತಾನೆ. ಜಪಾನಿನ ಹಿರಾಯಾಮಾ ಕೈಗೆ ಬರುವ ಇಂಥ ಕಾಯಿಲೆಯನ್ನು ಮೊದಲೇ ಗುರುತಿಸಿದ್ದರು. ಬೆಂಗಳೂರಿನ ವರದಿ 23 ರೋಗಿಗಳನ್ನು ಇಟ್ಟುಕೊಂಡು ಕಾಲಿಗೂ ಬರುವುದನ್ನು ಸೇರಿಸಿ ಇಡೀ ಚಿತ್ರವನ್ನು ಕೊಟ್ಟಿತು. ಈ ಕಾಯಿಲೆ ನಿಲ್ಲುತ್ತದೆ ಎಂದು ಹೇಳಬೇಕಾದರೆ ವರ್ಷಗಟ್ಟಲೆ ಅದೇ ಹುಡುಗ ಅದೇ ಓಪಿಡಿಗೆ ಬರಬೇಕು, ಅವನ ಹಳೆಯ ಅಳತೆಗಳು ಸಿಗಬೇಕು, ಸ್ನಾಯುವಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಪಕ್ಕದ ಕಟ್ಟಡದಲ್ಲೇ ಇರಬೇಕು. ನೀನು ಸಾಯುವುದಿಲ್ಲ ಎಂದು ಒಬ್ಬ ತಾಯಿಯ ಮುಂದೆ ಅವಳ ಮಗನಿಗೆ ಹೇಳುವ ಅಧಿಕಾರ ವೈದ್ಯನಿಗೆ ಬರುವುದು ಹೀಗೆ. ವಿಲೀನ ಕೊಟ್ಟದ್ದು ಪ್ರತಿಭೆಯನ್ನಲ್ಲ, ಆ ಕಾಲಾವಕಾಶವನ್ನು. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಶುರುವಾದ ಮಿದುಳು ಭಂಡಾರಕ್ಕೂ ಇದೇ ಮಾತು ಸಲ್ಲುತ್ತದೆ. ಸತ್ತವರ ಮನೆಯವರ ಒಪ್ಪಿಗೆ ಕೇಳಲು ಆಸ್ಪತ್ರೆಯ ಮೇಲೆ ನಂಬಿಕೆ ಬೇಕು, ಕೊಟ್ಟದ್ದನ್ನು ದೇಶದ ಸಂಶೋಧಕರಿಗೆಲ್ಲ ಉಪಯೋಗವಾಗುವಂತೆ ಕಾಪಾಡಲು ಪ್ರಯೋಗಾಲಯ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಭಂಡಾರವಿಲ್ಲ.

ಒಡಂಬಡಿಕೆಯ ಪರವಾಗಿ ಮಾತಾಡುವವರು ನಮ್ಮ ಕರಾವಳಿಯತ್ತ ಕೈ ತೋರಿಸಬಹುದು. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಕಟ್ಟಿದಾಗ ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಕಲಿಯುವ ವ್ಯವಸ್ಥೆ ಮಾಡಿದರು. ಆಗ ಅದು ಹೊಸ ಉಪಾಯ, ಚೆನ್ನಾಗಿಯೇ ನಡೆಯಿತು. ತಲೆಮಾರುಗಟ್ಟಲೆ ವೈದ್ಯರು ಅಲ್ಲಿಂದ ಹೊರಬಂದರು. ನಾನು ಆರಂಭದಲ್ಲೇ ಒಪ್ಪಿದ ಮಾತಿದು: ಕಲಿಸಲು ಕರಾರು ಸಾಕು, ಏಕೆಂದರೆ ವಿದ್ಯಾರ್ಥಿ ಕೆಲವೇ ವರ್ಷ ಇದ್ದು ಹೋಗುತ್ತಾನೆ. ಇನ್ನು ಮಣಿಪಾಲದಿಂದಲೇ ಮನೋವೈದ್ಯ ಆರ್.ಎಲ್. ಕಪೂರ್ ಮತ್ತು ಎಡಿನ್‌ಬರೊದ ಮೋರಿಸ್ ಕಾರ್ಸ್ಟೇರ್ಸ್ ಸೇರಿ ಕೋಟದಲ್ಲಿ ಮಾಡಿದ, 1976ರಲ್ಲಿ ಪುಸ್ತಕವಾಗಿ ಬಂದ ಅಧ್ಯಯನ ಬೇರೆಯೇ ಪಾಠ ಹೇಳುತ್ತದೆ. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಮನೆಮನೆಗೆ ಹೋಗಿ ನೋಡಿದಾಗ ಕಂಡದ್ದು, ಮನಸ್ಸಿನ ತೊಂದರೆಗೆ ಜನ ಡಾಕ್ಟರ ಹತ್ತಿರವೂ ಹೋಗುತ್ತಾರೆ, ನಾಟಿ ವೈದ್ಯರು, ಮಂತ್ರವಾದಿ, ದೈವ ಮೈದುಂಬುವ ಪಾತ್ರಿಗಳ ಹತ್ತಿರವೂ ಹೋಗುತ್ತಾರೆ, ಎರಡಕ್ಕೂ ವಿರೋಧ ಕಾಣುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೂತವರಿಗೆ ಇದು ಕಾಣುವುದೇ ಇಲ್ಲ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ರೋಗದ ಲೆಕ್ಕವೂ ತಪ್ಪುತ್ತದೆ ಎನ್ನುವುದನ್ನು ಗೌರಿದೇವಿಯವರ ತಂಡ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ 1,02,557 ಜನರನ್ನು ಸಮೀಕ್ಷೆ ಮಾಡಿ ತೋರಿಸಿತು: ಅಪಸ್ಮಾರ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಹಾಗಾದರೆ ಆಸ್ಪತ್ರೆ ಆಧಾರಿತ ಸಂಶೋಧನೆ ನಗರದ ಕಣ್ಣಿನದು ಎಂಬ ಟೀಕೆ ಸರಿಯೇ? ಆಸ್ಪತ್ರೆ ತನ್ನ ಗೋಡೆಯೊಳಗೇ ಕೂತಿದ್ದರೆ ಸರಿ. ಆದರೆ ಕಪೂರ್ ಆಮೇಲೆ ನಿಮ್ಹಾನ್ಸ್‌ಗೇ ಬಂದರು; 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾಗಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರ ತೆರೆಯಿತು; ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮನೋರೋಗ ಗುರುತಿಸಿ ಔಷಧಿ ಕೊಡಬಲ್ಲರು ಎಂಬುದನ್ನು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಲಾಯಿತು. 1996ರಿಂದ ದೇಶದಲ್ಲಿ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಕಲಿಸುವ, ಹುಡುಕುವ, ಚಿಕಿತ್ಸೆ ಕೊಡುವ ಕೈಗಳು ಒಂದೇ ಮೈಯವಾಗಿದ್ದರಿಂದಲೇ ಆ ಮಾದರಿ ಕಟ್ಟಲು ಆಯಿತು.

ಇದಕ್ಕಿಂತ ಕಠಿಣವಾದ ಆಕ್ಷೇಪ ಬೇರೆ ಇದೆ. ಆಸ್ಪತ್ರೆಯೂ ಸಂಶೋಧನಾಲಯವೂ ಒಂದಾದರೆ ರೋಗಿ ಪ್ರಯೋಗದ ವಸ್ತುವಾಗುತ್ತಾನೆ, ಅದರಲ್ಲೂ ಬೇಡ ಎನ್ನಲು ಬಾರದ ಮನೋರೋಗಿ. ಈ ಭಯವನ್ನು ಯಾರೂ ಹಗುರವಾಗಿ ತಳ್ಳಿಹಾಕಬಾರದು. 1982ರಲ್ಲಿ ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್, ಕಪೂರ್ ಮತ್ತು ಕಲ್ಯಾಣಸುಂದರಂ ಪ್ರಕಟಿಸಿದ ಪ್ರಯೋಗವೊಂದರಲ್ಲಿ ತೀವ್ರ ಖಿನ್ನತೆಯ ಕೆಲವರಿಗೆ ನಿಜವಾದ ವಿದ್ಯುತ್ ಚಿಕಿತ್ಸೆ ಮತ್ತು ಸತ್ವವಿಲ್ಲದ ಮಾತ್ರೆ, ಉಳಿದವರಿಗೆ ನಿಜವಾದ ಮಾತ್ರೆ ಮತ್ತು ಹೆಸರಿಗಷ್ಟೇ ವಿದ್ಯುತ್ ಚಿಕಿತ್ಸೆ ಕೊಡಲಾಗಿತ್ತು. ಇಂದಿನ ಓದುಗರಿಗೆ ಮೈ ಜುಮ್ಮೆನ್ನಬಹುದು. ಆದರೆ ಯಾರೊಬ್ಬರಿಗೂ ಚಿಕಿತ್ಸೆ ತಪ್ಪದ ಹಾಗೆ ಆ ಪ್ರಯೋಗವನ್ನು ಹೆಣೆಯಲಾಗಿತ್ತು ಎಂಬುದನ್ನೂ, ಪ್ರಯೋಗವಿಲ್ಲದೆ ವಿದ್ಯುತ್ ಚಿಕಿತ್ಸೆಯನ್ನು ಅಭ್ಯಾಸಬಲದಿಂದ ಕೊಡುತ್ತ ಹೋಗುವುದು ಇದಕ್ಕಿಂತ ಕ್ರೂರ ಎಂಬುದನ್ನೂ ನೆನಪಿಡಬೇಕು. ಇನ್ನು ಸಂಶೋಧನೆಯ ಗಾಳಿಯೇ ಸುಳಿಯದ ಆಸ್ಪತ್ರೆಗಳಲ್ಲಿ ರೋಗಿ ಸುರಕ್ಷಿತವಾಗಿದ್ದನೇ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ಎಸ್.ಎಂ. ಚನ್ನಬಸವಣ್ಣನವರ ನೇತೃತ್ವದಲ್ಲಿ ನಿಮ್ಹಾನ್ಸ್ ತಂಡ ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ನೋಡಿ 1999ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಶೇಕಡಾ 38 ಆಸ್ಪತ್ರೆಗಳು ಹುಟ್ಟುವಾಗ ಇದ್ದ ಜೈಲಿನ ಆಕಾರದಲ್ಲೇ ಇನ್ನೂ ಇದ್ದವು. ಮೂರ್ ಟೇಲರ್ ಬರೆದು ಅರ್ಧ ಶತಮಾನ ಕಳೆದಿತ್ತು. ಹೊರಗಿನ ವಿದ್ಯಾರ್ಥಿ, ಸಂಶೋಧಕ, ಪರೀಕ್ಷಕ ಯಾರೂ ಒಳಗೆ ಬಾರದ ಕಡೆ ಬೀಗ ಹಾಕುವವನನ್ನು ಪ್ರಶ್ನಿಸುವವರೂ ಇರುವುದಿಲ್ಲ. ರೋಗಿಗೆ ರಕ್ಷಣೆ ಬೇಕೆಂದರೆ ಸಂಶೋಧನೆಯನ್ನು ದೂರವಿಡುವುದಲ್ಲ, ಒಪ್ಪಿಗೆಯನ್ನು ಕಾನೂನಿನಿಂದ ಬಿಗಿ ಮಾಡುವುದು ದಾರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅದನ್ನೇ ಮಾಡಿದೆ. ತಿಳಿದು ಕೊಟ್ಟ, ಒತ್ತಾಯವಿಲ್ಲದ ಒಪ್ಪಿಗೆಯಿಲ್ಲದೆ ಮನೋರೋಗಿಯ ಮೇಲೆ ಸಾಮಾನ್ಯವಾಗಿ ಸಂಶೋಧನೆ ನಡೆಸುವಂತಿಲ್ಲ. ಅದು ತಡವಾಗಿ ಬಂತು ಎನ್ನುವುದನ್ನು ಮಾತ್ರ ಒಪ್ಪಲೇಬೇಕು.

ಆಸ್ಪತ್ರೆಯಿಲ್ಲದ ದೊಡ್ಡ ವಿದ್ಯಾಸಂಸ್ಥೆಯೂ ಇದೇ ಊರಿನಲ್ಲಿ ಇದೆ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ ಜೀವವಿಜ್ಞಾನದಲ್ಲಿ ಎಷ್ಟು ಕೆಲಸ ಮಾಡಿದರೂ ರೋಗಿಗಾಗಿ ಬೇರೆಯವರ ಬಾಗಿಲಿಗೆ ಹೋಗಬೇಕಿತ್ತು. ಅಲ್ಲಿನ ಮಿದುಳು ಸಂಶೋಧನಾ ಕೇಂದ್ರ ಮುಪ್ಪಿನಲ್ಲಿ ಬರುವ ಮರೆಗುಳಿತನವನ್ನು ತಿಳಿಯಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಯೋಜನೆಗೆ ಕೈಹಾಕಿದೆ. ಸಮೀಪದಲ್ಲಿ ಸ್ವಂತ ಆಸ್ಪತ್ರೆ ಇಲ್ಲದವರು ಹಿಡಿಯಬಹುದಾದ ಒಳ್ಳೆಯ ದಾರಿಯೇ ಅದು. ಆದರೆ ಸಂಸ್ಥೆ ಅಷ್ಟಕ್ಕೆ ತೃಪ್ತಿಪಟ್ಟುಕೊಳ್ಳಲಿಲ್ಲ. 2022ರ ಫೆಬ್ರವರಿಯಲ್ಲಿ 425 ಕೋಟಿ ರೂಪಾಯಿಯ ದೇಣಿಗೆಯೊಂದಿಗೆ ತನ್ನದೇ ಆವರಣದಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆಯನ್ನೂ 800 ಹಾಸಿಗೆಯ ಆಸ್ಪತ್ರೆಯನ್ನೂ ಕಟ್ಟುವುದಾಗಿ ಘೋಷಿಸಿತು. ಊರಿನ ತುಂಬ ಒಡಂಬಡಿಕೆಗೆ ಸಿದ್ಧವಾದ ಆಸ್ಪತ್ರೆಗಳಿರುವಾಗ ಇಷ್ಟು ದುಬಾರಿ ದಾರಿ ಏಕೆ ಎಂದು ಕೇಳಿದವರಿಗೆ ಹೊಸೂರು ರಸ್ತೆಯ ಇತಿಹಾಸವೇ ಸಾಕಷ್ಟು ಉತ್ತರ. ಆ ಆಸ್ಪತ್ರೆಯನ್ನು ಕಟ್ಟುತ್ತಿರುವವರು ಯಂತ್ರಗಳ ಪಟ್ಟಿ ಮಾಡುವ ಮೊದಲು ರೋಗಿಯ ಕಡತ ಯಾರ ವಶದಲ್ಲಿ, ಎಷ್ಟು ವರ್ಷ ಇರುತ್ತದೆ, ಅದನ್ನು ನೋಡಲು ರೋಗಿ ಯಾವಾಗ ಹೇಗೆ ಒಪ್ಪಿಗೆ ಕೊಡುತ್ತಾನೆ ಎಂಬುದನ್ನು ಬರೆದಿಡಲಿ. ಒಡಂಬಡಿಕೆಯನ್ನೇ ಆರಿಸಿಕೊಳ್ಳುವ ಉಳಿದ ವಿಶ್ವವಿದ್ಯಾಲಯಗಳೂ ತಮ್ಮ ಕಡತದ ಮೊದಲ ಪುಟದಲ್ಲಿ ಇದನ್ನೇ ಬರೆಯಲಿ.